ಮೂರನೇ ಸಲವೂ ಬಿಗಿಯಾದ ಶೂ

"ಮತ್ತೆ ಬಿಗಿ ಆಗ್ತಿದೆ ರೀ," ಎಂದು ಲೆಕ್ಕದ ಮೇಷ್ಟ್ರು ಮೂರನೇ ಸಲ ನನ್ನ ಅಂಗಡಿಗೆ ಬಂದಾಗ ನನಗೆ ಒಳಗೊಳಗೇ ನಗು. ಅಳತೆ ತೆಗೆದು ಶೂ ಹೊಲಿಯುವುದು ನನ್ನ ಕಸುಬು. ನನ್ನ ಅಳತೆ ತಪ್ಪುವುದೆಂದರೇನು! ನನ್ನನ್ನು ನೋಡಲು ನೆಪ ಹುಡುಕುತ್ತಾರೆ ಪಾಪ, ಎಂದುಕೊಂಡು ಎರಡು ಸಲ ಸಡಿಲಿಸಿ ಕೊಟ್ಟಿದ್ದೆ.

"ನೋಡ್ಬೇಕು ಅನ್ಸಿದ್ರೆ ಸುಮ್ನೆ ಬನ್ನಿ ಮೇಷ್ಟ್ರೇ. ಶೂ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?"

ಅವರ ಕಿವಿ ಕೆಂಪಾಯಿತು. "ನೋಡ್ಬೇಕು ಅನ್ಸೋದೂ ನಿಜ, ಬಿಗಿ ಆಗಿರೋದೂ ನಿಜ."

ಕಾಲುಚೀಲ ಸರಿಸಿದೆ. ಎರಡೂ ಪಾದ ಊದಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ನಿಂತಿತು. ತಲೆಯೆತ್ತಿದೆ; ಕಣ್ಣಿನ ಸುತ್ತಲೂ ಊತ. ಆ ಕಣ್ಣನ್ನು ಕದ್ದು ಕದ್ದು ನೋಡಿದವಳಿಗೆ ಇದು ಕಾಣಲಿಲ್ಲವಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳ!

"ಬೆಳಗ್ಗೆ ಎದ್ದಾಗ ಮುಖ ಊದಿರತ್ತಾ?"

"ನಿದ್ದೆ ಕಡಿಮೆ ಆಗಿ..."

"ಮೂತ್ರದಲ್ಲಿ ನೊರೆ?"

"ಅಯ್ಯೋ, ಇಷ್ಟಪಟ್ಟೋರನ್ನ ಕೇಳೋ ಪ್ರಶ್ನೆನಾ ಇದು!"

"ಹೌದು. ಹೇಳಿ."

ನೊರೆ ಇತ್ತು. ಅಪ್ಪನಿಗೂ ಹೀಗೇ ಶುರುವಾಗಿತ್ತು. ವಯಸ್ಸಾಯಿತು ಎಂದು ನಾವು ಸುಮ್ಮನಿದ್ದೆವು; ಎರಡು ವರ್ಷ ಡಯಾಲಿಸಿಸ್ ಮಾಡಿಸಿಯೂ ಕಳೆದುಕೊಂಡೆವು. ಅಂಗಡಿಯ ಬಾಗಿಲು ಹಾಕಿ ಮೇಷ್ಟ್ರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಸಂಜೆ ರಿಪೋರ್ಟ್ ಬಂತು. "ಕಿಡ್ನಿಯಿಂದ ಪ್ರೋಟೀನ್ ಸೋರ್ತಿದೆ, ಬಿಪಿನೂ ಏರಿದೆ," ಎಂದರು ಡಾಕ್ಟರಮ್ಮ. "ಯಾಕೆ ಅಂತ ಬಯಾಪ್ಸಿ ಮಾಡಿ ನೋಡೋಣ. ಹೀಗೇ ಬಿಟ್ಟಿದ್ರೆ ರಕ್ತ ಹೆಪ್ಪುಗಟ್ಟಬಹುದಿತ್ತು, ಕಿಡ್ನಿನೇ ಕೈಕೊಡಬಹುದಿತ್ತು."

ಹೊರಗಿನ ಬೆಂಚಿನಲ್ಲಿ ಮೇಷ್ಟ್ರು ನನ್ನಿಂದ ದೂರ ಸರಿದು ಕುಳಿತರು.

"ಇವತ್ತು ಮದುವೆ ವಿಷಯ ಕೇಳೋಣ ಅಂತಾನೇ ಬಂದಿದ್ದೆ. ಈಗ ಕೇಳಲ್ಲ. ನಾಳೆ ನನಗೂ ಡಯಾಲಿಸಿಸ್ ಅಂತಾದ್ರೆ ನಿಮ್ಮ ಗತಿ ಏನು?"

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಗತಿ ಬಗ್ಗೆ ನಿಮ್ಮನ್ನ ಯಾರು ಕೇಳಿದ್ರು? ಎರಡು ವರ್ಷ ಅಪ್ಪನ ಪಕ್ಕ ಕೂತವಳು ನಾನು. ಹೆದರಿಸೋದಿದ್ರೆ ಬೇರೆ ಯಾರನ್ನಾದ್ರೂ ಹೆದರಿಸಿ."

"ಹಠ ಮಾಡ್ಬೇಡಿ."

"ಮಾಡ್ತೀನಿ. ಬರೋದು ಬರ್ಲಿ, ಅದನ್ನೂ ಒಂದು ಕೈ ನೋಡ್ಕೋತೀನಿ!"

ಅಷ್ಟರಲ್ಲಿ ನರ್ಸ್ ಬಾಗಿಲಿನಿಂದ ಇಣುಕಿದರು. "ಬಯಾಪ್ಸಿ ಫಾರ್ಮ್‌ಗೆ ಸಹಿ ಬೇಕು. ರೋಗಿ ಕಡೆಯವರು ಯಾರಿದ್ದೀರಾ?"

"ಯಾರೂ ಇಲ್ಲ ಸಿಸ್ಟರ್," ಎಂದರು ಮೇಷ್ಟ್ರು.

ನಾನು ಎದ್ದು ನಿಂತೆ. "ನಾನಿದ್ದೀನಿ. ಇವರನ್ನ ಮದುವೆ ಆಗೋಳು."

"ನಾನಿನ್ನೂ ಕೇಳೇ ಇಲ್ವಲ್ರೀ!" ಮೇಷ್ಟ್ರು ಬೆಂಚಿನಿಂದ ಎದ್ದೇಬಿಟ್ಟರು.

"ನಾನು ಒಪ್ಪಿ ಆಯ್ತು. ನೀವು ನಿಧಾನಕ್ಕೆ ಕೇಳಿ," ಎಂದು ಮೇಷ್ಟ್ರ ಕೈಯಲ್ಲಿದ್ದ ರಿಪೋರ್ಟಿನ ಫೈಲು ಕಸಿದುಕೊಂಡು ಸಹಿ ಹಾಕಲು ಒಳಗೆ ನಡೆದೆ.