ಪೆಲೆಗೆ ಒಪ್ಪಿಸಿದ ಕರಿಬೇವು

ಅಕ್ಷಯಾಗೆ ತನ್ನ ಪ್ರೀತಿಯನ್ನು ತಾನೇ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಮ್ಯಾನ್‌ಹಟನ್‌ನ ಒಂದು ಆ್ಯಪ್‌ಗೆ ರಾಶಿಗಳ ಬಗ್ಗೆ ಬರೆಯುವುದು ಅವಳ ಕೆಲಸ. ಆ ತಿಂಗಳು ರಾಶಿಗೊಂದು ಹವಾಯಿಯ ದೇವತೆ. ವೃಶ್ಚಿಕಕ್ಕೆ ಪೆಲೆ, ಜ್ವಾಲಾಮುಖಿಯ ಒಡತಿ. ಅಕ್ಷಯಾಳದೂ ವೃಶ್ಚಿಕವೇ.

ದಿನವೂ ಹ್ಯಾರಿಸನ್ ಸ್ಟೇಷನ್ನಿನಲ್ಲಿ ಅವಳ ಜೊತೆ ಒಂದೇ ಟ್ರೈನ್ ಹತ್ತುತ್ತಿದ್ದ ವಸಿಷ್ಠ ಅದನ್ನು ಫೋನಿನಲ್ಲಿ ಓದಿ ಹುಬ್ಬೇರಿಸಿದ.

"ಉರಿಯೋ ಪ್ರೀತಿ, ಮಣಿಯದ ಹಟ, ಮುಚ್ಚಿಟ್ಟ ಮನಸ್ಸು. ಪೆಲೆ ಬಗ್ಗೆನಾ, ನಿಮ್ಮ ಬಗ್ಗೆನಾ?"

"ಎಡಿಟರ್ ಕೇಳಿದ್ದನ್ನ ಬರೆದೆ."

"ಪ್ರಿಯಕರನನ್ನ ಕರ್ಕೊಂಡು ಬಾ ಅಂತ ತಂಗೀನ ಕಳಿಸಿದಳು. ಅಲ್ಲಿಗೇ ನಿಲ್ಲಿಸಿದ್ದೀರಲ್ಲ?"

"ಕೊನೆ ಚೆನ್ನಾಗಿಲ್ಲ. ಕಟ್ ಮಾಡಿದ್ರು."

ಅವನು ನಕ್ಕ. ಬಲಗೆನ್ನೆಯಲ್ಲಿ ಮಾತ್ರ ಗುಳಿ. ಟ್ರೈನ್ ಬಂದದ್ದು ಅವಳಿಗೆ ತಿಳಿಯಲಿಲ್ಲ.

ಅಕ್ಷಯಾಳ ಜೊತೆ ಮನೆ ಹಂಚಿಕೊಂಡಿದ್ದ ಚಿಕ್ಕಪ್ಪನ ಮಗಳು ರಕ್ಷಾ ವಸಿಷ್ಠನ ಆಫೀಸಿನವಳು. ಜನವರಿಯಲ್ಲಿ ಅವರಿಬ್ಬರೂ ಟ್ರೈನಿಂಗಿಗೆಂದು ಡೆನ್ವರ್‌ಗೆ ಹೊರಟರು.

"ನಾನಂದ್ರೆ ಇಷ್ಟಾನಾ ಅಂತ ನೀನೇ ಕೇಳೇ ಅವನನ್ನ," ಅಂದಳು ಅಕ್ಷಯಾ.

"ಕೇಳ್ತೀನಿ ಅಕ್ಕ. ನನ್ನ ಕರಿಬೇವು ಕಿಟಕಿ ಹತ್ರಾನೇ ಇರಲಿ. ಹೊರಗಿಟ್ರೆ ಈ ಚಳಿಗೆ ಒಂದೇ ದಿನದಲ್ಲಿ ಸತ್ತುಹೋಗುತ್ತೆ. ನಾಲ್ಕು ವರ್ಷ ಸಾಕಿದ್ದೀನಿ."

"ನೋಡ್ಕೋತೀನಿ, ಹೋಗು."

ಐದು ದಿನದ ಟ್ರೈನಿಂಗ್. ಹಿಮ ಬಿದ್ದು ಫ್ಲೈಟ್ ಕ್ಯಾನ್ಸಲ್ ಆಗಿ ಒಂಬತ್ತು ದಿನವಾಯಿತು. ರಕ್ಷಾಳಿಂದ ಒಂದೇ ಮೆಸೇಜು: ಬಂದು ಹೇಳ್ತೀನಿ. ಜೊತೆಗೊಂದು ಫೋಟೋ. ಇಬ್ಬರೂ ನಗುತ್ತಿದ್ದರು, ಅವನ ಮಫ್ಲರ್ ಅವಳ ಕೊರಳಲ್ಲಿತ್ತು.

ಅಕ್ಷಯಾ ಒಬ್ಬಳೇ ಮೊಸರನ್ನ ಕಲಸಿ ತಿಂದಳು. ಫೋಟೋ ಮತ್ತೆ ನೋಡಿದಳು. ಕರಿಬೇವಿನ ಕುಂಡ ಎತ್ತಿ ಬಾಲ್ಕನಿಯಲ್ಲಿಟ್ಟು ಬಾಗಿಲು ಎಳೆದಳು.

ಮರುದಿನ ಅವರು ಬಂದರು. ಡೆನ್ವರ್‌ನ ಚಳಿಗೆ ರಕ್ಷಾಳಿಗೆ ಬಂದಿದ್ದ ಜ್ವರ ಇಳಿದಿರಲಿಲ್ಲ, ಮಫ್ಲರ್ ಇನ್ನೂ ಕೊರಳಲ್ಲೇ ಇತ್ತು. ವಸಿಷ್ಠ ಬೂಟು ಬಿಚ್ಚುತ್ತಲೇ ಅಂದ:

"ತಂಗೀನ ಯಾಕ್ರೀ ಕಳಿಸಿದ್ರಿ? ನೀವೇ ಕೇಳಿದ್ರೂ ಹೂಂ ಅಂತಿದ್ದೆ. ಎದುರಿಗೇ ಹೇಳೋಣ ಅಂತ ಇವಳನ್ನ ಸುಮ್ಮನಿರಿಸಿದ್ದೆ."

ರಕ್ಷಾ ಕಿಟಕಿಯ ಬದಿ ನೋಡಿದಳು, ಆಮೇಲೆ ಗಾಜಿನಾಚೆ. ಎಲೆಗಳು ಕಪ್ಪಾಗಿ ಜೋತುಬಿದ್ದಿದ್ದವು.

"ಮರ್ತೋಯ್ತಾ ಅಕ್ಕ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ. ಫೋಟೋ ನೋಡಿ ಹೊರಗಿಟ್ಟೆ."



"ಪೆಲೆ ಕತೆ ಹೇಗೆ ಮುಗಿಯುತ್ತೆ?" ವಸಿಷ್ಠ ಕೇಳಿದ.

"ತಂಗಿ ಬರೋದು ತಡವಾಗುತ್ತೆ. ತಂಗಿಯ ತೋಪನ್ನ ಕಾಪಾಡ್ತೀನಿ ಅಂತ ಮಾತು ಕೊಟ್ಟಿದ್ದ ಪೆಲೆ, ಅನುಮಾನಪಟ್ಟು ಅದನ್ನೇ ಸುಟ್ಟುಹಾಕ್ತಾಳೆ."

"ಒಂದು ಫೋನ್ ಮಾಡಬಹುದಿತ್ತು. ನನಗೆ ಬೇಡ, ಇವಳಿಗಾದ್ರೂ."

ಅವನು ಬೂಟಿನ ಲೇಸ್ ಮತ್ತೆ ಕಟ್ಟಿಕೊಂಡ. ಆ ವಾರದಿಂದ ಒಂದು ಟ್ರೈನ್ ಮುಂಚೆ ಹೋಗತೊಡಗಿದ. ಫೆಬ್ರವರಿಯಲ್ಲಿ ರಕ್ಷಾ ಹೋಬೋಕನ್‌ಗೆ ಮನೆ ಬದಲಿಸಿದಳು.

ಹೋದದ್ದು ಇಷ್ಟು: ನಾಲ್ಕು ವರ್ಷದ ಒಂದು ಗಿಡ, ಒಬ್ಬ ತಂಗಿ, ಒಂದೇ ಕೆನ್ನೆಯಲ್ಲಿ ಗುಳಿ ಬೀಳುವ ಒಬ್ಬ ಹುಡುಗ.