ಅವ್ವನ ಕುಡುಗೋಲು

ಗಿಡಮರಗಳು ಕೇಳಿದವರೊಡನೆ ಮಾತಾಡುತ್ತಿದ್ದ ಕಾಲದಲ್ಲಿ ಬಿಳಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿನ ರಾಣಿ ನೀಲವ್ವೆ ಮದುವೆಯಾಗಿ ಬಂದಾಗ ದೂರದ ತವರಿನಿಂದ ಎರಡು ವಸ್ತು ತಂದಿದ್ದಳು: ಸೆರಗಿನಲ್ಲಿ ಕಟ್ಟಿದ ಹಸಿರು ಬದನೆಯ ಬೀಜ, ಅವ್ವನ ಕುಡುಗೋಲು. ಬೀಜ ರಾಜ್ಯದ ತೋಟಗಳನ್ನೆಲ್ಲ ತುಂಬಿತು. ಯಾರ ತೋಟದ ಮೊದಲ ಕಾಯಿಯನ್ನಾದರೂ ಆ ಕುಡುಗೋಲಿನಿಂದಲೇ ಕೊಯ್ಯಬೇಕು. ತೊಳೆದರೆ ಅವ್ವನ ಕೈಗುಣ ಹೋದೀತೆಂದು ಅದನ್ನು ಯಾರೂ ತೊಳೆಯುತ್ತಿರಲಿಲ್ಲ.

ಒಂದು ವರ್ಷ ಬದನೆ ಗಿಡಗಳು ಹಸಿರಾಗಿದ್ದಂತೆಯೇ ಬಾಡಿ ಬೀಳತೊಡಗಿದವು. ಯಾರೋ ಮಾಯಾವಿ ಬಂದಿದ್ದಾನೆಂದು ಊರೆಲ್ಲ ಹೇಳಿತು, ಅವನನ್ನು ಕಂಡವರಿಲ್ಲ. ಕೊನೆಗೆ ಉಳಿದದ್ದು ಅರಮನೆಯ ಅಂಗಳದ ಒಂದು ಗಿಡ, ಅದರಲ್ಲೊಂದು ಬಲಿತ ಕಾಯಿ.

"ಇದೂ ಹೋದರೆ ನಮ್ಮೂರಿನ ರುಚಿ ನನ್ನ ನಾಲಗೆಗೆ ಮತ್ತೆ ಸಿಗದು," ಎಂದಳು ರಾಣಿ.

ತೋಟದ ಕೆಲಸದ ಬೊಮ್ಮಣ್ಣ ಮಾಯಾವಿಯನ್ನು ಹುಡುಕಿ ಹೊರಟ. ದಾರಿಯಲ್ಲಿ ಇರುವೆಯೊಂದು ಅವನ ಕಿವಿಗೆ ಇಬ್ಬನಿಯ ಹನಿ ಬಿಟ್ಟಿತು. ಅದರಿಂದ ಅವನಿಗೆ ಕಣ್ಣಿಗೆ ಕಾಣದ ಪುಟ್ಟ ಜನರ ಮಾತು ಕೇಳಿಸತೊಡಗಿತು.

ಹೊಳೆಯಲ್ಲಿದ್ದ ಪುಟ್ಟ ಜನರನ್ನು ಕೇಳಿದ. ತಾವು ನೀರಿನಲ್ಲಿ ಆಡಿಕೊಂಡಿರುವವರು, ಗಿಡದ ತಂಟೆಗೆ ಹೋಗುವವರಲ್ಲ ಎಂದರು. ಎಲೆಯ ಮೇಲಿದ್ದವರನ್ನು ಕೇಳಿದ. ತಾವು ಎಲೆಗೆ ಚುಕ್ಕೆ ಇಡುವವರು, ಬಾಡಿಸುವುದು ತಮ್ಮ ಕುಲದ ಕಸುಬಲ್ಲ ಎಂದರು. ಬದನೆಯ ಕಾಡುನೆಂಟನಾದ ಸುಂಡೆಗಿಡದ ಬೇರಿನಲ್ಲಿ ಕಾವಲಿದ್ದವರನ್ನು ಕೇಳಿದ.

"ನಮ್ಮ ಬೇರಿನಲ್ಲಿ ಆ ಮಾಯಾವಿಯ ಆಟ ನಡೆಯದು," ಎಂದರು ಅವರು. "ಬಾಡಿದ ಬದನೆಯ ಕಾಂಡ ಕೊಯ್ದು ತಿಳಿನೀರಿನಲ್ಲಿ ಹಿಡಿ."

ಬೊಮ್ಮಣ್ಣ ಹಾಗೇ ಮಾಡಿದ. ಕಾಂಡದಿಂದ ಹಾಲಿನಂಥ ಎಳೆಯೊಂದು ನೀರಿಗಿಳಿದು ಬೆರಳುದ್ದದ ಮುದುಕನಾಯಿತು.

"ನೀನೇನಾ ಆ ಮಾಯಾವಿ? ಇಷ್ಟೂ ತೋಟ ಹೇಗೆ ತಿರುಗಿದೆಯೋ?" ಎಂದ ಬೊಮ್ಮಣ್ಣ.

"ನನಗೆಲ್ಲಿದೆ ಕಾಲು?" ಮುದುಕ ನಕ್ಕ. "ನಿಮ್ಮ ರಾಣಿಯ ಕುಡುಗೋಲೇ ನನ್ನ ಪಲ್ಲಕ್ಕಿ. ನನ್ನ ಜೀವವೂ ಅದರಲ್ಲೇ ಇದೆ."

ಬೊಮ್ಮಣ್ಣ ಓಡಿ ಬಂದಾಗ ರಾಣಿ ಕೊನೆಯ ಕಾಯಿಗೆ ಕುಡುಗೋಲು ಎತ್ತಿದ್ದಳು. ಅವನು ಕಂಡದ್ದನ್ನೆಲ್ಲ ಹೇಳಿ, ಅದನ್ನು ಬೆಂಕಿಗೆ ಹಾಕಬೇಕು ತಾಯೀ ಎಂದ.

"ಹಿಡಿ ಮರದ್ದು ಕಣೋ, ಸುಟ್ಟುಹೋಗುತ್ತದೆ. ನಮ್ಮವ್ವನ ಬೆರಳು ಸವೆಸಿದ ಹಿಡಿ."

ರಾಣಿ ಹಿಡಿಯ ಸವೆದ ಗುಣಿಯಲ್ಲಿ ಹೆಬ್ಬೆರಳಿಟ್ಟು ಗಿಡವನ್ನೇ ನೋಡುತ್ತ ನಿಂತಳು. ಆಮೇಲೆ ತಾನೇ ಒಲೆಯ ಬಳಿ ಹೋಗಿ ಕುಡುಗೋಲನ್ನು ಕೆಂಡದೊಳಗೆ ತೂರಿಸಿದಳು. ಮಾಯಾವಿ ಚಟಪಟ ಸಿಡಿದು ಬೂದಿಯಾದ. ಹಿಡಿಯೂ ಬೂದಿಯಾಯಿತು.

ಆ ಕೊನೆಯ ಕಾಯಿಯ ಬೀಜದಿಂದ ಸಸಿ ಮಾಡಿ, ಇನ್ನೊಬ್ಬ ಮಾಯಾವಿ ಬಂದರೂ ಬಾಡದಂತೆ ಸುಂಡೆಯ ಬೇರಿಗೆ ಬದನೆಯ ಕುಡಿ ಕಸಿ ಕಟ್ಟಿದರು. ತೋಟಗಳು ಮತ್ತೆ ತುಂಬಿದವು. ಮೊದಲ ಎಣ್ಣೆಗಾಯಿ ಬಾಯಿಗಿಟ್ಟು ರಾಣಿ ಕಣ್ಣೊರೆಸಿಕೊಂಡಳು. ಉಪ್ಪು ಒಂಚೂರು ಕಮ್ಮಿ, ನಮ್ಮವ್ವ ಮಾಡಿದ್ದೂ ಹೀಗೇ ಇರುತ್ತಿತ್ತು ಎಂದಳು.

ಕುಡುಗೋಲಿಗೆ ಹೊಸ ಹಿಡಿ ಬಂತು. ವರ್ಷಗಳು ಕಳೆದಂತೆ ಅದರಲ್ಲೂ ಹೆಬ್ಬೆರಳಿನ ಗುಣಿ ಬಿತ್ತು. ದೂರದೂರಿನಿಂದ ಸೊಸೆ ಬಂದ ದಿನ ರಾಣಿ ಅದನ್ನು ಅವಳ ಕೈಗಿಟ್ಟಳು.

"ಬೆಂಕಿ ತೋರಿಸಿ ಕೊಯ್ಯಮ್ಮ. ಕೈಗುಣ ಎಲ್ಲೂ ಹೋಗುವುದಿಲ್ಲ."

ಅಂದಿನಿಂದ ಬಿಳಿಹೊಳೆಯ ಒಲೆಗಳಲ್ಲಿ ಬದನೆಯ ಘಮ ತಪ್ಪಲಿಲ್ಲ. ಉಂಡವರೆಲ್ಲ ತಣ್ಣಗೆ ಬಾಳಿದರು.