ಜನರಿಗೆ ಡೈಲಾಗ್ ಇಲ್ಲ

“ಮಿಸ್, ಜನರಿಗೆ ಡೈಲಾಗೇ ಇಲ್ವಾ?”

“ಇಲ್ಲಮ್ಮ. ಜನರು ಚಪ್ಪಾಳೆ ತಟ್ಟಬೇಕು, ಅಷ್ಟೇ,” ಎಂದರು ಸಮಾಜ ಪಾಠದ ಮಿಸ್.

ಚಿನಕುರುಳಿಯ ಮುಖ ಸಪ್ಪಗಾಯಿತು. ಸದಾ ಪಟಪಟ ಮಾತಾಡುತ್ತಾಳೆಂದೇ ಅವಳಿಗೆ ಆ ಹೆಸರು ಬಿದ್ದಿತ್ತು. ಅಂಥವಳಿಗೆ ಬರೀ ಚಪ್ಪಾಳೆಯ ಪಾರ್ಟು!

ದೊಡ್ಡ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಅವರ ಮುಂದೆ ಆಡಲು ‘ನಮ್ಮ ದೇಶ’ ಎಂಬ ನಾಟಕ. ಹೆಡ್‌ಮಿಸ್ ಅವರ ತಂಗಿಯ ಮಗನೇ ಸರ್ಕಾರ. ಅವನಿಗೆ ಕೋಟು, ಕುರ್ಚಿ, ಒಂದು ಪುಟ ಮಾತು. ಆರನೇ ಕ್ಲಾಸಿನ ಉದ್ದನೆಯ ಹುಡುಗ ಆರ್ಥಿಕತೆ. ‘ನಾನು ಬೆಳೆಯುತ್ತಿದ್ದೇನೆ!’ ಎನ್ನುತ್ತ ಓಡಿಬಂದು ಪ್ರತಿಸಲವೂ ಎಡವಿ ಬೀಳುತ್ತಿದ್ದ. ಇಬ್ಬರು ಹುಡುಗಿಯರು ಹಿಡಿದ ನೀಲಿ ಬಟ್ಟೆಯೇ ನದಿ. ಉಳಿದವರೆಲ್ಲ ಜನರು. ಒಂದನೇ ಕ್ಲಾಸಿನಲ್ಲಿದ್ದ ಚಿನಕುರುಳಿಯ ತಮ್ಮನೂ ಜನರೇ.

ಸಾಹೇಬರು ಬರುವ ದಿನ ಬೆಳಗ್ಗೆಯೇ ಜನರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು. “ಸಾಹೇಬ್ರು ಹೊರಟ್ರಂತೆ,” ಎಂದರು. ಆಮೇಲೆ, “ಬಂದೇ ಬಿಟ್ರಂತೆ,” ಎಂದರು. ಬಂದದ್ದು ಬಿಸಿಲು ಮಾತ್ರ.

“ಅಕ್ಕಾ, ತಲೆ ಸುತ್ತುತ್ತೆ,” ಎಂದ ತಮ್ಮ.

ಚಿನಕುರುಳಿ ಮಿಸ್ ಬಳಿ ಓಡಿದಳು. “ಮಿಸ್, ಚಿಕ್ಕೋರು ನೆರಳಲ್ಲಿ ಕೂತ್ಕೊಳ್ಬಹುದಾ?”

“ಸಾಲು ಕೆಟ್ಟುಹೋಗುತ್ತೆ! ಸಾಹೇಬ್ರು ಬಂದಾಗ ಜನ ಕಾಣಿಸ್ಬೇಕಲ್ವಾ?”

ಅವಳು ವೇದಿಕೆಯ ಹತ್ತಿರ ಹೋದಳು. “ಏ ಸರ್ಕಾರ, ನಿಮ್ಮ ದೊಡ್ಡಮ್ಮಂಗೆ ನೀನಾದ್ರೂ ಹೇಳೋ.”

ಸರ್ಕಾರ ಬೆವರೊರೆಸಿಕೊಂಡ. “ತಾಳೇ. ‘ಪ್ರಜೆಗಳ ಕ್ಷೇಮವೇ ನಮ್ಮ ಗುರಿ’, ಆಮೇಲೆ ಏನು ಬರುತ್ತೆ? ಮರ್ತೇಹೋಯ್ತು!”

ಅಷ್ಟರಲ್ಲಿ ತಮ್ಮ ತೊಪ್ಪನೆ ಕುಸಿದ. ಚಿನಕುರುಳಿ ಓಡಿಹೋಗಿ ಅವನಿಗೆ ನೀರು ಕುಡಿಸಿದಳು. ನಂತರ ನೀಲಿ ಬಟ್ಟೆಯ ಹುಡುಗಿಯರತ್ತ ಕೂಗಿದಳು. “ನದಿ ತನ್ರೇ ಇಲ್ಲಿ!”

“ನದಿ ಬರೋದು ಎರಡನೇ ಸೀನಲ್ಲಿ.”

“ಇವನಿಗೆ ಈಗ ಬೇಕು!”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಓಡಿಬಂದರು. ಬಟ್ಟೆಯ ಒಂದೊಂದು ಮೂಲೆ ಹಿಡಿದು ತಲೆಯ ಮೇಲೆತ್ತಿದರು. ಮೂರನೇ ಮೂಲೆಯನ್ನು ಚಿನಕುರುಳಿಯೇ ಎತ್ತಿ ಹಿಡಿದಳು. ಚಿಕ್ಕವರೆಲ್ಲ ಅದರಡಿ ನುಗ್ಗಿದರು.

“ಅಯ್ಯೋ, ನನ್ನ ನದಿ! ಯಾರೇ ಅದು?” ಮಿಸ್ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

ಆಗಲೇ ಸಾಹೇಬರ ಕಾರು ಬಂತು. ಅವರು ಇಳಿದು ನೀಲಿ ಬಟ್ಟೆ ನೋಡಿದರು. “ಓಹೋ, ಜನರಿಗೆ ನದಿಯ ಆಸರೆ! ಬಹಳ ಒಳ್ಳೆ ಐಡಿಯಾ!”

“ನಾನೇ ಕಲಿಸಿದ್ದು ಸಾರ್,” ಎಂದರು ಮಿಸ್, ನಗುನಗುತ್ತ.

ಸಾಹೇಬರು ಒಂದು ಫೋಟೋ ತೆಗೆಸಿಕೊಂಡು ಹೊರಟೇಬಿಟ್ಟರು. ಮಿಸ್, ಹೆಡ್‌ಮಿಸ್ ಕಾರಿನ ಹಿಂದೆಯೇ ಗೇಟಿನವರೆಗೆ ಓಡಿದರು. ಸರ್ಕಾರದ ಒಂದು ಪುಟ ಮಾತು ಹಾಗೇ ಉಳಿಯಿತು.

ಅವನು ಕುರ್ಚಿಯಿಂದ ಇಳಿದು ಬಂದ. ಕೋಟು ಬೆನ್ನಿಗೆ ಅಂಟಿಕೊಂಡಿತ್ತು. ತುಟಿ ಒಣಗಿತ್ತು.

“ನಂಗೂ ಸ್ವಲ್ಪ ಜಾಗ ಕೊಡೇ.”

ಚಿನಕುರುಳಿ ಅವನನ್ನು ಒಂದು ಕ್ಷಣ ನೋಡಿದಳು. ತಮ್ಮನನ್ನು ಕಾಲಿನಿಂದಲೇ ಮೆಲ್ಲಗೆ ಆಚೆ ಸರಿಸಿದಳು.

“ಬಾ. ಆದ್ರೆ ಆ ನಾಲ್ಕನೇ ಮೂಲೆ ಜೋತುಬಿದ್ದಿದೆ ನೋಡು, ಅದನ್ನ ಹಿಡ್ಕೋ.”

ಸರ್ಕಾರ ಕೋಟು ಬಿಚ್ಚಿಟ್ಟು ಎರಡೂ ಕೈ ಮೇಲೆತ್ತಿದ.